ಏಣಿಯ ಮೇಲಿನ ಕೋಡಂಗಿ

ಭದ್ರಾವತಿ, ೨ ಮಾರ್ಚ್ ೧೯೨೯, ಶನಿವಾರ

ಮಹಾಜನಗಳೇ, ಕೇಳಿರಿ! ಟೆಂಟಿನ ಮೂಕಿ ಚಿತ್ರಗಳಿಗೆ ಪರದೆಯ ಪಕ್ಕ ನಿಂತು ಕಥೆ ಹೇಳುವವನು ನಾನು. ಹಳೆಯ ಯುದ್ಧಚಿತ್ರವೆಂದರೆ ನನ್ನದೇ ರಾಜ್ಯ. ಫಿರಂಗಿ ಗುಡುಗುವುದೇ ನನ್ನ ಗಂಟಲಿನಲ್ಲಿ. ಆದರೆ ಇಂದು ನಗೆಚಿತ್ರಗಳ ಆ ಬೋಳುತಲೆಯ ಕೋಡಂಗಿಯ ಎರಡನೆಯ ಚಿತ್ರ ಬಂತು. ಮೊದಲನೆಯದರ ಎಂಜಲು; ಅದೇ ಏಣಿ, ಅದೇ ಬೀಳಾಟ. ನಾನು ಬಾಯಿ ತೆರೆಯುವ ಮೊದಲೇ ಟೆಂಟೆಲ್ಲ ನಕ್ಕಿತು. “ಸುಮ್ನಿರು ಮಾರಾಯ, ನೋಡೋಕೆ ಬಿಡು” ಎಂದು ಯಾರೋ ಕೂಗಿದರು.

ಅದನ್ನೂ ನುಂಗಿಕೊಂಡೇನು. ಆದರೆ ನನ್ನ ಯಾವ ಹಾಸ್ಯಕ್ಕೂ ಹಲ್ಲು ಬಿಡದ ನನ್ನ ಹೆಂಡತಿ ಜಗದಾಂಬಾ, ಹೆಂಗಸರ ಸಾಲಿನಲ್ಲಿ ಕೂತು, ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು. ಊಟಕ್ಕೆ ಬಡಿಸುವಾಗಲೂ, “ಅವನು ಬೀಳೋದೇ ಒಂದು ಚೆಂದ ಕಣ್ರೀ” ಎಂದಳು. ಕೈ ತೊಳೆದವನೇ ಹಿತ್ತಲಿಗೆ ಹೋಗಿ ನಮ್ಮ ಏಣಿಯನ್ನು ಗೋಡೆಗೆ ಒರಗಿಸಿ ಬಂದೆ.

ನಾಳೆ ಬೆಳಿಗ್ಗೆ ಅವಳು ಹಿತ್ತಲಿಗೆ ಬರುವ ಹೊತ್ತಿಗೆ ನಾನೂ ಅವನಂತೆಯೇ ಏಣಿಯ ತುದಿಯಲ್ಲಿರುತ್ತೇನೆ.