ಸಂಜೆ ಆರರ ಎರಡು ನಿಮಿಷ

ಅಕ್ಕ,

ನಿನ್ನ ಕ್ರೂಸರ್ ಬೈಕ್ ಕೊಳ್ಳುವವರು ಭಾನುವಾರ ನೋಡಲು ಬರುತ್ತಾರೆಂದು ಬರೆದಿದ್ದೀಯ. ಅದಕ್ಕೆ ಮೊದಲು ಒಂದು ತಪ್ಪು ಒಪ್ಪಿಕೊಳ್ಳಬೇಕು. ಬ್ಯಾಟರಿ ಸತ್ತಿದೆ, ಅದನ್ನು ಕೊಂದವನು ನಾನೇ.

ಊರು ಬಿಡುವಾಗ ನೀನು ಹೇಳಿದ ಬೇರೆಲ್ಲವನ್ನೂ ತಪ್ಪದೆ ಮಾಡಿದ್ದೇನೆ. ಚೈನ್ ಒರೆಸಿ ಎಣ್ಣೆ ಹಾಕಿದ್ದೇನೆ, ಟೈರುಗಳಿಗೆ ಗಾಳಿ ತುಂಬಿಸಿದ್ದೇನೆ. ವಾರಕ್ಕೊಮ್ಮೆ ಯಾರ ಕೈಲಾದರೂ ಅರ್ಧ ಗಂಟೆ ಓಡಿಸು ಅಂತಲೂ ನೀನು ಹೇಳಿದ್ದೆ, ಅದೊಂದು ಮಾತ್ರ ಆಗಲಿಲ್ಲ. ನನಗಂತೂ ಓಡಿಸಲು ಬರುವುದಿಲ್ಲ, ನಾನು ಹಿಂದಿನ ಸೀಟಿನವನು. ಬೇರೆಯವರ ಕೈಗೆ ಕೊಡಲು ಮನಸ್ಸಾಗಲಿಲ್ಲ. ಹಾಗಾಗಿ ದಿನಾ ಸಂಜೆ ಆರಕ್ಕೆ, ನೀನು ಕೆಲಸ ಮುಗಿಸಿ ಬರುತ್ತಿದ್ದ ಹೊತ್ತಿಗೆ, ನಿಂತಲ್ಲೇ ಎರಡು ನಿಮಿಷ ಸ್ಟಾರ್ಟ್ ಮಾಡಿ ಆರಿಸುತ್ತಿದ್ದೆ.

ಮೆಕ್ಯಾನಿಕ್ ಹಣೆ ಚಚ್ಚಿಕೊಂಡ. "ಅಲ್ಲಾ ಸಾರ್, ಸ್ಟಾರ್ಟ್ ಮಾಡೋಕೆ ಖರ್ಚಾದ ಚಾರ್ಜು ಎರಡು ನಿಮಿಷದಲ್ಲಿ ವಾಪಸ್ ತುಂಬುತ್ತಾ? ಬ್ಯಾಟರೀನ ದಿನಾ ಉಪವಾಸ ಕೆಡವಿದ್ದೀರಲ್ಲ ಪಾಪ! ಎಲ್ಲಿಗೂ ಹೋಗಲ್ಲ ಅಂದ್ಮೇಲೆ ಯಾಕ್ ಸ್ಟಾರ್ಟ್ ಮಾಡ್ತಿದ್ರಿ?"

ಬೈಕಿಗೆ ಒಳ್ಳೆಯದೆಂದುಕೊಂಡಿದ್ದೆ ಅಂದೆ.

ಕೆಳಗಿನ ಮನೆಯ ಟೈಲರಮ್ಮ ಸದ್ದು ಕೇಳಿದಾಗಲೆಲ್ಲ ಕಿಟಕಿ ತೆರೆದು, "ಏನೋ, ಅಕ್ಕ ಬಂದ್ಲಾ?" ಅನ್ನುತ್ತಿದ್ದರು. "ಇಲ್ಲಮ್ಮ, ನಾನೇ" ಅನ್ನುತ್ತಿದ್ದೆ. ಎಷ್ಟೋ ದಿನ ಮನೆಗೆ ಬಂದ ಮೇಲೆ ನಾನು ಆಡಿದ ಮಾತು ಅದೊಂದೇ. ಬ್ಯಾಟರಿ ಸತ್ತ ಮೇಲೆ ಅವರೂ ಕೇಳುತ್ತಿಲ್ಲ.

ಶನಿವಾರ ಹೊಸ ಬ್ಯಾಟರಿ ಹಾಕಿಸುತ್ತೇನೆ. ಆದರೆ ಕೊಳ್ಳುವವರಿಗೆ ಬೈಕ್ ಓಡಿಸಿ ತೋರಿಸಲು ಯಾರಾದರೂ ಬೇಕು. ಅದಕ್ಕಾದರೂ ನೀನೇ ಬಾ. ಅವರು ಬರುವುದಕ್ಕೆ ಒಂದು ಗಂಟೆ ಮೊದಲೇ ಬಂದರೆ ಒಳ್ಳೆಯದು. ಹಿಂದಿನ ಸೀಟಿನ ಮಡಚಿದ ಫುಟ್‌ರೆಸ್ಟ್ ಕೆಳಗಿಳಿಸಿಟ್ಟಿರುತ್ತೇನೆ.

ನಿನ್ನ ತಮ್ಮ