ಬಾಗಿಲೊಳಗಿನ ಕತ್ತಲೆ

೧೯ ಫೆಬ್ರವರಿ ೨೦೨೫

ಪ್ರೀತಿಯ ದೇವಕಿ ಅತ್ತೆಗೆ, ನಿಮ್ಮ ಸೊಸೆ ಅರ್ಪಣಾ ಮಾಡುವ ನಮಸ್ಕಾರ.

ಫೋನ್ ಮಾಡಬಹುದಿತ್ತು. ಆದರೆ ನಿಮ್ಮ ಫೋನನ್ನು ದಿನಾ ತೆಗೆದು ನೋಡುವವರು ಯಾರೆಂದು ನಮ್ಮಿಬ್ಬರಿಗೂ ಗೊತ್ತು. ಅದಕ್ಕೇ ಈ ಕಾಗದವನ್ನು ನಿಮ್ಮ ಪಕ್ಕದ ಮನೆ ಸುಮಿತ್ರಮ್ಮನ ಕೈಗೆ ತಲುಪಿಸುತ್ತಿದ್ದೇನೆ. ಓದಿದ ಮೇಲೆ ಒಲೆಗೆ ಹಾಕಿ.

ಅತ್ತೆ, ನನಗೆ ಭಯವಾಗಿದೆ. ಇಷ್ಟು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಚಿಲಕ ನೋಡಿ ಬಂದೆ.

ನಿನ್ನೆ ಮಧ್ಯಾಹ್ನ ನೆಮ್ಮಾರಿನಲ್ಲಿ ನಮ್ಮ ಸಿನಿಮಾಕ್ಕಾಗಿ ಎರಡು ಕ್ಯಾಮೆರಾಗಳ ಪರೀಕ್ಷೆ ಇತ್ತು. ಬಾಳಗಡಿಯ ಸ್ಟುಡಿಯೋದಿಂದ ನಿಮ್ಮ ಮಗ ವಿವೇಕ ಮದುವೆಗಳಿಗೆ ಒಯ್ಯುತ್ತಿದ್ದರಲ್ಲ, ಒಂದು ಅದೇ ಮಾದರಿಯದು. ಇನ್ನೊಂದು ಹೊಸದು. ಹಳೆಯ ಗೋದಾಮಿನ ತೆರೆದ ಬಾಗಿಲ ಮುಂದೆ, ಬಿಸಿಲಿಗೆ, ಮೇಕಪ್ ಮಾಡುವ ದಿವ್ಯಳನ್ನು ನಿಲ್ಲಿಸಿದೆವು. ಮೊದಲು ಸರಿಯಾದ ಬೆಳಕಿನಲ್ಲಿ ಒಂದು ಶಾಟ್. ಆಮೇಲೆ ಒಂದೊಂದೇ ಸ್ಟಾಪ್ ಏರಿಸುತ್ತಾ, ಅಂದರೆ ಪ್ರತಿ ಸಲವೂ ಎರಡರಷ್ಟು ಬೆಳಕು ಒಳಗೆ ಬಿಡುತ್ತಾ, ನಾಲ್ಕು ಸ್ಟಾಪಿನ ತನಕ. ಕೊನೆಗೆ ಅವನ್ನೆಲ್ಲ ಕಂಪ್ಯೂಟರಿನಲ್ಲಿ ಮತ್ತೆ ಸರಿಯಾದ ಬೆಳಕಿಗೆ ಇಳಿಸಿ, ತಪ್ಪು ಬೆಳಕನ್ನು ಯಾವ ಕ್ಯಾಮೆರಾ ಎಷ್ಟು ತಾಳಿಕೊಳ್ಳುತ್ತದೆ ಎಂದು ಹೋಲಿಸಿದೆವು.

ಹಳೆಯದು ಸೋತಿತು. ಸುಣ್ಣ ಬಳಿದಂತಾಗಿದ್ದ ದಿವ್ಯಳ ಮುಖ ಎಷ್ಟು ಇಳಿಸಿದರೂ ಮರಳಲಿಲ್ಲ, ಹಿಂದಿನದೆಲ್ಲ ಬರೀ ಮಂಜು. ಹೊಸದರಲ್ಲಿ ಅವಳ ಮೂಗುಬೊಟ್ಟೂ ಉಳಿದಿತ್ತು, ಗೋದಾಮಿನ ಒಳಗೂ ಬಿಡಿಸಿ ಕಾಣುತ್ತಿತ್ತು. ಕ್ಯಾಮೆರಾಮನ್ ಸೋಮಶೇಖರಪ್ಪ ಕುಣಿದಾಡಿಬಿಟ್ಟರು: "ನೋಡು ಮಾರಾಯ್ತಿ, ಒಳಗಿರೋ ಮೂಟೆನೂ ಎಣಿಸ್ಬೋದು!"

ನಾನು ಮೂಟೆ ನೋಡಲಿಲ್ಲ. ಮೂಟೆಗಳ ಸಂದಿಯಲ್ಲಿ ವಿವೇಕ ನಿಂತಿದ್ದರು. ಕಣ್ಣು ಕ್ಯಾಮೆರಾದ ಹಿಂದಿದ್ದ ನನ್ನ ಮೇಲೆ. ಕೈಯಲ್ಲಿ ಕತ್ತಿ. ನಮ್ಮ ಕಡೆ ತೋಟಕ್ಕೆ ಹೋಗುವವರ ಕೈಯಲ್ಲಿ ಕತ್ತಿ ಇರುವುದು ದೊಡ್ಡ ಮಾತಲ್ಲ. ಆದರೆ ಸ್ಟುಡಿಯೋ ಇಟ್ಟವರಿಗೆ ನೆಮ್ಮಾರಿನಲ್ಲಿ ಯಾವ ತೋಟ?

ಬಿಸಿಲಿಗೆ ಹೊಂದಿಸಿದರೆ ಬಾಗಿಲೊಳಗೆ ಬರೀ ಕಪ್ಪು ಬರುತ್ತದೆ ಎಂದು ನನಗೆ ಕಲಿಸಿದವರೇ ಅವರು. ಹತ್ತು ವರ್ಷ ಆ ಕ್ಯಾಮೆರಾ ಹಿಡಿದ ಧೈರ್ಯದಲ್ಲೇ ಅಲ್ಲಿ ನಿಂತಿದ್ದಾರೆ. ನಾವು ಬೇಕೆಂದೇ ತಪ್ಪು ಬೆಳಕಿನಲ್ಲಿ ತೆಗೆಯುತ್ತಿದ್ದೇವೆ ಎಂದು ಅವರಿಗೆ ಹೊಳೆದಿಲ್ಲ.

ಇಲ್ಲಿ ಯಾರಿಗೂ ಹೇಳಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ನಕ್ಕುಬಿಡುತ್ತಾರೆ. ಎಂಟು ತಿಂಗಳ ಹಿಂದೆ ಅವರು ಟ್ರೈಪಾಡಿನಿಂದ ನನಗೆ ಹೊಡೆದ ಪೆಟ್ಟನ್ನು ಕಂಡವರು ನೀವೊಬ್ಬರೇ. ಅಂದೇ ನನ್ನನ್ನು ಬಸ್ಸು ಹತ್ತಿಸಿದವರೂ ನೀವೇ.

ಆದರೆ ಅತ್ತೆ, ನೆಮ್ಮಾರಿಗೆ ಬರುವ ಸುದ್ದಿ ತಿಳಿಸಿದ್ದೂ ನಿಮಗೊಬ್ಬರಿಗೇ. ಸುಮಿತ್ರಮ್ಮನ ಫೋನಿನಿಂದ "ಊಟ ಆತ ಕೂಸೇ? ಈಗ ಎಲ್ಲಿದ್ದೆ?" ಎಂದು ಕೇಳಿದಿರಿ, ಕರಗಿ ಹೇಳಿಬಿಟ್ಟೆ. ಹೆತ್ತ ಕರುಳು; ಇಬ್ಬರೂ ಒಂದಾಗಲಿ ಎಂದು ಮಗನ ಹತ್ತಿರ ಬಾಯಿ ಬಿಟ್ಟಿರುತ್ತೀರಿ. ನನಗೆ ಸಿಟ್ಟು ಬಂದಿದೆ. ಇನ್ನು ಮೇಲೆ ಎಲ್ಲಿದ್ದೇನೆಂದು ಕೇಳಬೇಡಿ, ನಿಮಗೂ ಹೇಳಲಾರೆ.

ಇಂತಿ,
ಅರ್ಪಣಾ

ತಾ.ಕ.: ಕಾಗದ ಮಡಚುವ ಮೊದಲು ಆ ಶಾಟನ್ನು ದೊಡ್ಡದು ಮಾಡಿ ಇನ್ನೊಮ್ಮೆ ನೋಡಿದೆ. ಕತ್ತಿ ಹಿಡಿದ ಮಣಿಕಟ್ಟನ್ನು ಮೂಟೆಯ ಹಿಂದಿನಿಂದ ಎರಡು ಕೈಗಳು ಬಿಗಿಯಾಗಿ ಹಿಡಿದುಕೊಂಡಿವೆ. ಎಡಗೈಯ ಕಿರುಬೆರಳು ಅರ್ಧವೇ ಇದೆ. ಅಡಿಕೆ ಸುಲಿಯುವಾಗ ಮೆಟ್ಟುಗತ್ತಿಗೆ ಸಿಕ್ಕ ಆ ಬೆರಳು ನನಗೆ ಗುರುತು ಸಿಗದೇ, ಅತ್ತೆ? ಅವರನ್ನು ತಡೆಯಲೆಂದೇ ನೀವು ಬೆನ್ನಿಗೆ ಬಂದಿದ್ದಿರಿ; ನನ್ನ ಸಿಟ್ಟನ್ನು ಮನ್ನಿಸಿ. ಇನ್ನು ಒಂದು ಗಳಿಗೆಯೂ ಆ ಮನೆಯಲ್ಲಿ ನಿಲ್ಲಬೇಡಿ. ಸುಮಿತ್ರಮ್ಮನ ಮನೆಯಲ್ಲೇ ಇರಿ. ಪೊಲೀಸರನ್ನು ಕರೆದುಕೊಂಡು ನಾನೇ ಬರುತ್ತಿದ್ದೇನೆ.