ತೊಂಬತ್ತೊಂಬತ್ತು ಎಂದರೆ ಸುಮ್ಮನಿದ್ದರು

ಗದಗ
ಫೆಬ್ರವರಿ ೩೦, ೨೨೮೭

ಕುಮಾರಿ ನೀಲಾಂಬಿಕಾ ಅಬ್ಬಿಗೇರಿ ಅವರಿಗೆ,

ತಾರೀಕು ತಪ್ಪಿಲ್ಲ. ನಮ್ಮ ಕಾಲದಲ್ಲಿ ಹನ್ನೆರಡೂ ತಿಂಗಳಿಗೆ ಮೂವತ್ತು ಮೂವತ್ತು ದಿನ ಹಂಚಿ, ಮಿಕ್ಕ ಐದು ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ಬಿಟ್ಟಿದ್ದೇವೆ. ಆ ಐದು ದಿನ ಊರಿಗೆ ಊರೇ ಮಲಗಿರುತ್ತದೆ. ನನ್ನ ಕನ್ನಡ ಅಲ್ಲಲ್ಲಿ ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿಬಿಡಿ. ನಮ್ಮ ಬಾಯಿಯ ಕನ್ನಡ ನಿಮ್ಮದರಿಂದ ಬಹಳ ದೂರ ಬಂದಿದೆ. ನಿಮ್ಮ ಕಾಲದ ಈ ಕನ್ನಡವನ್ನು ನಾನು ಕಲಿತದ್ದು ನನ್ನ ಹೆಂಡತಿ ಹಂಪವ್ವ ಓದುವ ಕಾಗದಗಳಿಂದ, ಅದೂ ಅವಳು ಮನೆಯಲ್ಲಿಲ್ಲದಾಗ ಕದ್ದು ಓದಿ. ಕದ್ದು ಓದುವ ಗತಿ ನನಗೆ ಯಾಕೆ ಬಂತು ಎಂಬುದನ್ನು ಹೇಳುವುದಕ್ಕೇ ಈ ಕಾಗದ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನನಗೆ ನಿಮ್ಮ ಮೇಲೆ ವಿಪರೀತ ಹೊಟ್ಟೆಕಿಚ್ಚಿದೆ.

ಹಿಂದಿನ ಕಾಲಕ್ಕೆ ಕಾಗದ ಮುಟ್ಟಿಸುವ ವ್ಯವಸ್ಥೆಗೆ ನಾವು ಹಿಂಟಪಾಲು ಎನ್ನುತ್ತೇವೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ಹೆಚ್ಚಿನವರು ಅದನ್ನು ತಮ್ಮ ಮುತ್ತಜ್ಜಿಗೋ ಮುತ್ತಜ್ಜನಿಗೋ ಬರೆದು, ಹಿಟ್ಟಿನ ಪಲ್ಯದ ಹದವನ್ನೋ ಮನೆದೇವರ ಹೆಸರನ್ನೋ ಬರೆದಿಡಿ ಎಂದು ಕೇಳಿಕೊಳ್ಳುತ್ತಾರೆ. ನಮ್ಮ ಪಕ್ಕದ ಮನೆಯವನು ತನ್ನ ಕಾಗದವನ್ನು ಹತ್ತೊಂಬತ್ತನೇ ವಯಸ್ಸಿಗೇ ಯಾವಳೋ ನಾಟಕದವಳಿಗೆ ಬರೆದು ಮುಗಿಸಿ ಇವತ್ತಿಗೂ ಕೈ ಕೈ ಹಿಸುಕಿಕೊಳ್ಳುತ್ತಾನೆ. ನಾನು ನಲವತ್ತಾರು ವರ್ಷ ಜೋಪಾನ ಮಾಡಿದ್ದನ್ನು ನಿಮ್ಮಂಥ ಗುರುತು ಪರಿಚಯವಿಲ್ಲದ ಒಬ್ಬ ಸಂಶೋಧಕಿಗೆ ಖರ್ಚು ಮಾಡುತ್ತಿದ್ದೇನೆ. ಇದರ ಮೇಲಿಂದ ನನ್ನ ಸ್ಥಿತಿ ನೀವೇ ಲೆಕ್ಕ ಹಾಕಿ.

ನನ್ನ ಹೆಸರು ಕಳಕಪ್ಪ. ಉದ್ಯೋಗ ತುಂಬಿಗ. ಹಾಗೆಂದರೇನು ಎಂದು ನಿಮಗೆ ಗೊತ್ತಿರಲಿಕ್ಕಿಲ್ಲ. ನಮ್ಮಲ್ಲಿ ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ಪ್ರತಿ ಊರಿಗೂ ಒಂದು ಊರಪಟ್ಟಿ ಇದೆ. ತಲೆಗೆ ಮುನ್ನೂರು ಪ್ರಶ್ನೆ, ಪ್ರತಿ ವರ್ಷ ಹೊಸ ಉತ್ತರ. ಊಹೆಯಂತ್ರ ನೂರಕ್ಕೆ ತೊಂಬತ್ತರಷ್ಟನ್ನು ತಾನೇ ಬರೆದುಕೊಳ್ಳುತ್ತದೆ, ಅದು ತಡವರಿಸಿ ಖಾಲಿ ಬಿಟ್ಟ ಜಾಗಗಳನ್ನು ನಾವು ತುಂಬಿಗರು ಅನುಭವದ ಮೇಲೆ ತುಂಬುತ್ತೇವೆ. ಖಾನಾವಳಿಗೆ ಹೋಗಿ ಕೂತರೆ ನಿಮಗೆ ಬೇಕಾದದ್ದೇ ತಟ್ಟೆಗೆ ಬರುತ್ತದೆ, ಇನ್ನೊಂದು ರೊಟ್ಟಿ ಹಾಕಲೇ ಎಂದು ಯಾರೂ ಕೇಳುವುದಿಲ್ಲ. ಡಾಕ್ಟರು ಎಲ್ಲಿ ನೋವು ಎಂದು ಕೇಳದೆಯೇ ಅಲ್ಲಿಗೆ ಕೈ ಹಾಕುತ್ತಾರೆ. ನನ್ನ ಮದುವೆಯೂ ಹಾಗೇ ಆಯಿತು. ನಮ್ಮಿಬ್ಬರಿಗೂ ಒಪ್ಪಿಗೆ ಇದೆ ಎಂದು ಪಟ್ಟಿಯಲ್ಲಿತ್ತು, ಕಪ್ಪತಗುಡ್ಡದ ಬುಡದಲ್ಲಿ ಹಾರ ಹಾಕಿಕೊಂಡೆವು. ಇದರಲ್ಲಿ ತಪ್ಪೇನೂ ನನಗೆ ಕಂಡಿರಲಿಲ್ಲ. ಗದಗ, ಬೆಟಗೇರಿ, ಮುಳಗುಂದ, ಮೂರೂ ಊರಿಗೆ ನನ್ನಷ್ಟು ಚೊಕ್ಕವಾಗಿ ಖಾಲಿ ತುಂಬುವವನು ಇನ್ನೊಬ್ಬನಿಲ್ಲ. ಇದು ಜಂಬವಲ್ಲ, ಎರಡು ಸಲ ಸನ್ಮಾನ ಮಾಡಿ ಶಾಲು ಹೊದಿಸಿದ್ದಾರೆ.

ಹಂಪವ್ವ ಕೆಲಸ ಮಾಡುವುದು ಹಳೆ ದಾಖಲೆಗಳ ಮನೆಯಲ್ಲಿ. ಹೋದ ವರ್ಷ ಅಲ್ಲಿ ನಿಮ್ಮ ಡೇಟಾಬೇಸ್ ಸಿಕ್ಕಿತು. ಗದಗ ಜಿಲ್ಲೆಯ ಸಾವಿರದ ನೂರ ನಲವತ್ತು ಹೆಂಗಸರ ಸರ್ವೆ: ಮನೆಗೆಲಸ ಮುಗಿದ ಮೇಲೆ ಅವರಿಗೆಷ್ಟು ಹೊತ್ತು ಉಳಿಯುತ್ತದೆ, ಉಳಿದ ಹೊತ್ತಿನಲ್ಲಿ ಏನು ಮಾಡುತ್ತಾರೆ. ಮೊದಲ ದಿನ ಅವಳು ಬಂದು ಹೇಳಿದಾಗ ನಾನು ನಕ್ಕೆ. ಎಂಟನೇ ದಿನಕ್ಕೆ ನಗು ನಿಂತಿತು. ಊಟಕ್ಕೆ ಕೂತರೆ ನೀಲಾಂಬಿಕಾ, ಎದ್ದರೆ ನೀಲಾಂಬಿಕಾ. ಉತ್ತರಗಳಿಗೊಂದು ಟೇಬಲ್, ಪ್ರಶ್ನೆಗಳಿಗೊಂದು ಟೇಬಲ್, ಮಧ್ಯದಲ್ಲಿ ಪ್ರಶ್ನೆಯ ಮಾತು ಬದಲಾದರೆ ಹಳೆಯ ಮಾತೂ ಉಳಿಯಬೇಕು, ಯಾಕೆಂದರೆ ಹಳೆಯ ಉತ್ತರ ಹಳೆಯ ಪ್ರಶ್ನೆಗೆ ಕೊಟ್ಟದ್ದು ಎಂದು ನೀವು ಬರೆದಿಟ್ಟಿದ್ದೀರಂತೆ. ಎಷ್ಟು ಮರ್ಯಾದೆ ನೋಡ್ರಿ, ಎಂದಳು ನನ್ನ ಹೆಂಡತಿ. ನಾನು ಮಾಡಿದ ಯಾವ ಕೆಲಸಕ್ಕೂ ಅವಳು ಮರ್ಯಾದೆ ಎಂಬ ಮಾತು ಬಳಸಿದ್ದಿಲ್ಲ.

ಸಾಲದ್ದಕ್ಕೆ ಅವಳ ಮಾತಿನ ಧಾಟಿಯೇ ಬದಲಾಯಿತು. ನಿಮ್ಮ ಸರ್ವೆಯ ಹೆಂಗಸರ ಹಾಗೆ ಮಾತಿಗೊಂದು 'ರೀ' ಹಚ್ಚತೊಡಗಿದಳು. ಬಾಗಿಲು ತೆಗೆದು 'ಬರ್ರಿ' ಎಂದರೆ ಯಾರದೋ ಮನೆಗೆ ಬಂದ ಹಾಗಾಗುತ್ತಿತ್ತು. ಒಂದು ದಿನ ಅನ್ನಕ್ಕೆ ಉಪ್ಪು ಜಾಸ್ತಿಯಾದಾಗ 'ತುಸು ಹೆಚ್ಚಾತು ನೋಡ್ರಿ' ಎಂದು ತನ್ನಷ್ಟಕ್ಕೆ ತಾನೇ ನಕ್ಕಳು. ಆ ನಗು ನನಗಲ್ಲ ಎಂದು ಗೊತ್ತಾಗಿ ಮೈಯೆಲ್ಲ ಉರಿಯಿತು.

ಅಂಥದ್ದೇನಿದೆ ನೋಡೇಬಿಡೋಣ ಎಂದು ಅವಳು ಕೆಲಸಕ್ಕೆ ಹೋದ ಮೇಲೆ, ಅವಳು ಮನೆಗೆ ತಂದಿಟ್ಟಿದ್ದ ನಿಮ್ಮ ಸರ್ವೆಯ ಪ್ರತಿಗಳನ್ನು ತೆಗೆದು ಕೂತೆ. ಇಪ್ಪತ್ಮೂರನೇ ಪ್ರಶ್ನೆ: ಹೋದ ವಾರ ನಿಮಗಾಗಿ ಏನು ಮಾಡಿಕೊಂಡಿರಿ? ಸಾವಿರದ ನೂರ ನಲವತ್ತರಲ್ಲಿ ಅರ್ಧಕ್ಕೂ ಹೆಚ್ಚು ಜನ ಉತ್ತರವನ್ನೇ ಕೊಟ್ಟಿಲ್ಲ. ನಾನಾಗಿದ್ದರೆ ಅರ್ಧ ದಿನದಲ್ಲಿ ಅಷ್ಟನ್ನೂ ತುಂಬಿ ಎದ್ದಿರುತ್ತಿದ್ದೆ. ನೀವು ಖಾಲಿಯನ್ನೇ ನಾಲ್ಕು ಮಾಡಿಟ್ಟಿದ್ದೀರಿ. ೯೬ ಎಂದರೆ ನಾವು ಕೇಳಲಿಲ್ಲ. ೯೭ ಎಂದರೆ ಗೊತ್ತಿಲ್ಲ ಅಂದರು. ೯೮ ಎಂದರೆ ಹೇಳಲ್ಲ ಅಂದರು. ೯೯ ಎಂದರೆ ಸುಮ್ಮನಿದ್ದರು. ಪಕ್ಕದಲ್ಲಿ ಷರಾ ಎಂಬ ಕಾಲಂ, ಅದಕ್ಕೆ ಇಷ್ಟೇ ಅಕ್ಷರ ಎಂಬ ಮಿತಿ ಇಲ್ಲ. ನೀವು ಮೂವರು ಸರ್ವೆಯವರು ಫಾರಂನ ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿಕೊಂಡದ್ದೆಲ್ಲ ಅಲ್ಲಿದೆ. 'ನನಗಂತ ಏನ್ ಮಾಡ್ಕೋಬೇಕ್ರಿ? ತಿಳೀಲಿಲ್ಲ.' 'ಬಳಿ ಇಡಿಸ್ಕೊಂಡ್ನಿರಿ. ಅದೂ ಹಬ್ಬಕ್ಕಂತ, ನನಗಂತಲ್ಲ.' 'ಸೋಮಾರ ಕಟ್ಟಿ ಮ್ಯಾಲ ಒಂದ್ ತಾಸು ಸುಮ್ನ ಕುಂತಿದ್ನಿ. ಬರಕೋಬ್ಯಾಡ್ರಿ ಮತ್ತ, ನಮ್ಮತ್ತಿ ಬೈತಾರ.' ಅದರ ಕೆಳಗೆ ನಿಮ್ಮ ಟಿಪ್ಪಣಿ: ಹೆಸರು ಬೇರೆ ಟೇಬಲ್‌ನಲ್ಲಿ ಬೀಗ ಹಾಕಿ ಇಡುತ್ತೇವೆ, ಬರೆಯಲೇ ಎಂದು ಕೇಳಿದೆ, ಹೂಂ ಅಂದರು.

ಆ ಬೀಗ ಇನ್ನೂರ ಅರವತ್ತು ವರ್ಷವಾದರೂ ತೆರೆದಿಲ್ಲ. ಅದಕ್ಕೇ ಹಂಪವ್ವ ಅವರನ್ನೆಲ್ಲ ನಂಬರಿನಿಂದಲೇ ಕರೆಯುತ್ತಾಳೆ, ಓಣಿಯ ಗೆಳತಿಯರನ್ನು ಕರೆದ ಹಾಗೆ. ಅವಳಿಗೆ ಎಲ್ಲರಿಗಿಂತ ಹತ್ತಿರದವಳು ನಾನೂರ ಹದಿನೇಳು. ಬೆಟಗೇರಿಯ ಕಡೆಯವಳು, ಸೀರೆಗೆ ಕುಚ್ಚು ಕಟ್ಟುವವಳು. ಇಪ್ಪತ್ಮೂರನೇ ಪ್ರಶ್ನೆಗೆ ೯೯. ಷರಾ: ಸುಮ್ಮನಿದ್ದರು. ಒಲೆಯ ಕಡೆ ನೋಡಿದರು. ಗಂಡ ಒಳಗೆ ಬಂದು ನಿಂತರು. ಷರಾದ ಪಕ್ಕ ಮರುಭೇಟಿ ಎಂಬ ಇನ್ನೊಂದು ಕಾಲಂ, ಅದರಲ್ಲಿ ಮೂರು ತಾರೀಕು, ಮೂರನೆಯದರ ವಿಷಯ ಕೊನೆಗೆ ಬರೆಯುತ್ತೇನೆ. ಮೊದಲೆರಡು ಸಲವೂ ಮತ್ತೆ ೯೯. ಒಬ್ಬಳ ಒಂದು ಉತ್ತರಕ್ಕಾಗಿ ಅಷ್ಟರಲ್ಲಾಗಲೇ ಮೂರು ಸಲ ಬಸ್ಸು ಹತ್ತಿ ಹೋಗಿದ್ದೀರಿ! ನಮ್ಮ ಇಲಾಖೆಯಲ್ಲಾಗಿದ್ದರೆ ಮನೆಗೆ ಕಳಿಸುತ್ತಿದ್ದರು. ಇದನ್ನೆಲ್ಲ ಓದಿ ಮುಗಿಸುವ ಹೊತ್ತಿಗೆ ನನಗೆ ತಲೆ ಕೆಟ್ಟಿತ್ತು. ನನ್ನ ಹೆಂಡತಿಗೆ ಯಾವನೋ ಗಂಡಸಿನ ಮೇಲೆ ಮನಸ್ಸಾಗಿದ್ದರೆ ಹೋಗಿ ಜಗಳ ಆಡಬಹುದಿತ್ತು. ಸತ್ತು ಎರಡು ಶತಮಾನ ಕಳೆದ, ಕಾಲಂ ಎಳೆಯುವ ಹೆಂಗಸಿನ ಜೊತೆ ಯಾವ ಬಾಯಿಂದ ಜಗಳ ಆಡಲಿ?

ನಿಮ್ಮ ನೋಟ್‌ಬುಕ್ಕೂ ಡೇಟಾಬೇಸ್ ಜೊತೆ ಉಳಿದಿದೆ. ಅದರ ಒಂದು ಗುರುವಾರದ ಪುಟದಲ್ಲಿ ನಿಮ್ಮ ಮಾರ್ಗದರ್ಶಕರ ಬಗ್ಗೆ ಹೀಗಿದೆ: 'ಸರ್ ನಾಲ್ಕೂ ಕೋಡ್ ತೆಗೆದು ಖಾಲಿ ಅಂತ ಒಂದೇ ಮಾಡು ಅಂದರು. ಷರಾ, ಮರುಭೇಟಿ ಎರಡೂ ಬೇಡವಂತೆ, ಎಣಿಕೆಗೆ ಬರಲ್ಲವಂತೆ. ಅವರು ಹೇಳೋದೂ ಸರಿ ಅನಿಸುತ್ತೆ. ಶನಿವಾರದೊಳಗೆ ತೀರ್ಮಾನ.' ಅದರ ಕೆಳಗೆ, '೪೧೭ ಮತ್ತೊಮ್ಮೆ?' ಈ ಕಾಗದ ನಿಮ್ಮ ಮೇಜಿನ ಮೇಲೆ ಬಂದು ಬೀಳುವುದು ಆ ಶುಕ್ರವಾರ. ನೀವು ತೂಗಿ ನೋಡುತ್ತಾ ಕೂತಿದ್ದೀರಿ. ನಾನು ಒಂದು ಮಾತು ನಿಮ್ಮ ಸರ್ ಕಡೆ ಹಾಕಿದರೆ ತಕ್ಕಡಿ ಬಾಗುತ್ತದೆ, ನಾಲ್ಕೂ ಒಂದಾಗುತ್ತದೆ, ನಾನೂರ ಹದಿನೇಳು ಬರೀ ಖಾಲಿಯಾಗುತ್ತಾಳೆ, ನನ್ನ ಹೆಂಡತಿಗೆ ಪ್ರೀತಿ ಮಾಡುವುದಕ್ಕೆ ಏನೂ ಉಳಿಯುವುದಿಲ್ಲ.

ಈಗ ನನಗೆ ನಾಚಿಕೆಯಾಗುವ ಭಾಗ. ನಮ್ಮಲ್ಲಿ ಯಾರು ಬೇಕಾದರೂ ಊರಪಟ್ಟಿಯಲ್ಲಿ ತಮ್ಮ ಸಾಲು ತೆಗೆದು ನೋಡಬಹುದು, ಆದರೆ ಯಾರೂ ನೋಡುವುದಿಲ್ಲ. ಹೋದ ಮಂಗಳವಾರ ಹಂಪವ್ವ ನೋಡಿದಳು. ನಮ್ಮ ಪಟ್ಟಿಯಲ್ಲೂ ನಿಮ್ಮ ಇಪ್ಪತ್ಮೂರರಂಥ ಪ್ರಶ್ನೆ ಒಂದಿದೆ, ನೂರಾ ಹನ್ನೆರಡನೆಯದು. ಊಹೆಯಂತ್ರ ಅವಳ ಮುಂದೆ ಪ್ರತಿ ವರ್ಷವೂ ಖಾಲಿ ಬಿಟ್ಟಿದೆ. ಹತ್ತೊಂಬತ್ತು ವರ್ಷ, ಹತ್ತೊಂಬತ್ತು ಸಲ, ಅಲ್ಲಿ ತುಂಬಿರುವ ಉತ್ತರ ಒಂದೇ: ವಿಶ್ರಾಂತಿ. ತುಂಬಿದವರ ಹೆಸರು ಕಳಕಪ್ಪ. ಸ್ವಂತ ಮನೆಯವರ ಸಾಲು ತುಂಬಬಾರದೆಂದು ನಿಯಮವಿಲ್ಲ, ಗಂಡನಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ ಎಂದು ಎಲ್ಲರೂ ನಂಬಿದ್ದಾರೆ. ನಾನಂತೂ ಪೂರ್ತಿ ನಂಬಿದ್ದೆ. ಅವಳು ಆ ಹಾಳೆಯನ್ನು ನನ್ನ ತಟ್ಟೆಯ ಪಕ್ಕ ಇಟ್ಟು, ನಿಮ್ಮ ಹೆಂಗಸರ ಕನ್ನಡದಲ್ಲೇ, 'ಇದನ್ನ ಯಾರನ್ನ ಕೇಳಿ ಬರದ್ರಿ?' ಎಂದಳು. ದನಿ ಏರಿಸಲಿಲ್ಲ. ಆಮೇಲೆ ಮೂರು ದಿನ ಆ ಕನ್ನಡದಲ್ಲೂ ಮಾತಾಡಲಿಲ್ಲ, ನಮ್ಮ ಕನ್ನಡದಲ್ಲೂ ಮಾತಾಡಲಿಲ್ಲ.

ಆ ಮೂರು ದಿನದಲ್ಲೇ ನಾನು ನಿಮಗೆ ಮೊದಲ ಕಾಗದ ಬರೆದೆ. ಸರ್ ಹೇಳಿದ ಹಾಗೆ ಕೇಳಿ, ನಾಲ್ಕನ್ನೂ ಒಂದು ಮಾಡಿ, ಷರಾ ಅಳಿಸಿಹಾಕಿ ಎಂದು ಬಾಯಿಗೆ ಬಂದದ್ದೆಲ್ಲ ಬರೆದು, ಹಿಂಟಪಾಲಿನ ಲಕೋಟೆಗೆ ಹಾಕಿ ಅಂಟಿಸಿಯೂ ಆಗಿತ್ತು. ಇವತ್ತು ಬೆಳಿಗ್ಗೆ ಕೊಡಲು ಹೊರಟವನು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಹಂಪವ್ವ ರೊಟ್ಟಿ ಬಡಿಯುತ್ತಿದ್ದಳು. ನೀಲಾಂಬಿಕಾ ಕೇಳಿದ ಮಾತನ್ನು ನಾನೂ ಒಂದು ಸಲ ಕೇಳಬಹುದಲ್ಲ, ಅದರಲ್ಲೇನಿದೆ ದೊಡ್ಡ ವಿದ್ಯೆ ಎಂಬ ಹಟ ಬಂತು. ಒಳ್ಳೆಯ ಮನಸ್ಸಿನಿಂದ ಕೇಳಿದೆ ಎಂದು ಸುಳ್ಳು ಹೇಳುವುದಿಲ್ಲ. ನಿಮ್ಮನ್ನು ಸೋಲಿಸಬೇಕು ಎಂದೇ ಕೇಳಿದೆ. ಹೋದ ವಾರ ನಿನಗಾಗಿ ಏನು ಮಾಡಿಕೊಂಡೆ?

ಕೇಳಿದ ಮೇಲೆ ಎಷ್ಟು ಕಷ್ಟ ಎಂದು ಗೊತ್ತಾಯಿತು. ಅವಳ ಕೈ ನಿಂತಿತು. ನನ್ನ ಬಾಯಿಯಲ್ಲಿ ಆಗಲೇ ಹತ್ತು ಉತ್ತರ ಸಿದ್ಧವಾಗಿದ್ದವು. ಹಳೆ ಕಾಗದ ಓದಿದೆ, ಮಹಡಿಯ ಗಿಡಕ್ಕೆ ನೀರು ಹಾಕಿದೆ, ಮಲಗಿದೆ. ಇಪ್ಪತ್ತು ವರ್ಷದ ಕೆಲಸ ನಾಲಿಗೆಯ ತುದಿಗೆ ಬಂದು ಕೂತಿತ್ತು. ತುಟಿ ಕಚ್ಚಿಕೊಂಡು ನಿಂತೆ. ಹಂಚಿನ ಮೇಲಿದ್ದ ರೊಟ್ಟಿ ಸೀದ ವಾಸನೆ ಬಂತು, ಆಗಲೂ ಅವಳು ತಿರುಗಲಿಲ್ಲ. ನೀವು ನಾನೂರ ಹದಿನೇಳರ ಮನೆಯಲ್ಲಿ ಮೂರು ಸಲ ಹೀಗೆ ಕೂತು, ಏನೂ ತುಂಬದೆ ಎದ್ದು ಬಂದಿರಲ್ಲ, ಅದನ್ನು ನೆನೆದು ಮತ್ತೆ ಹೊಟ್ಟೆ ಉರಿಯಿತು. ಆದರೆ ಈ ಸಲ ಅವಳು ನಿಮ್ಮನ್ನು ಮೆಚ್ಚಿದಳೆಂದು ಉರಿದದ್ದಲ್ಲ, ನಿಮಗೆ ಬರುವ ಕೆಲಸ ನನಗೆ ಬರುವುದಿಲ್ಲ ಎಂದು.

ಲಕೋಟೆಯ ಹಿಂಬದಿಯಲ್ಲೇ ಬರೆದೆ, ಬೇರೆ ಕಾಗದ ಕೈಗೆ ಸಿಗಲಿಲ್ಲ. ಪ್ರಶ್ನೆ ೧೧೨. ೯೯. ಷರಾ: ಸುಮ್ಮನಿದ್ದಳು. ಹಂಚಿನ ಕಡೆ ನೋಡಿದಳು. ಗಂಡ ಬಾಗಿಲಲ್ಲಿ ನಿಂತಿದ್ದ. ಅದನ್ನು ಅವಳ ಹಿಟ್ಟಿನ ಪರಾತದ ಪಕ್ಕ ಇಟ್ಟು ಹೊರಗೆ ಬಂದು ಕೂತೆ. ಸ್ವಲ್ಪ ಹೊತ್ತಿಗೆ ಲಕೋಟೆ ನನ್ನ ತೊಡೆಯ ಮೇಲೆ ಬಂದು ಬಿತ್ತು, ಅಂಚಿಗೆಲ್ಲ ಹಿಟ್ಟು ಮೆತ್ತಿಕೊಂಡಿತ್ತು. ನಾನು ಬರೆದದ್ದರ ಪಕ್ಕ ಗೆರೆ ಎಳೆದು ಅವಳೇ ಒಂದು ಕಾಲಂ ಸೇರಿಸಿದ್ದಳು. ಮರುಭೇಟಿ. ಅದರ ಕೆಳಗೆ: ನಾಳೆ.

ಒಳಗಿನ ಕಾಗದ ಹರಿದು ಒಲೆಗೆ ಹಾಕಿ ಈ ಎರಡನೆಯದನ್ನು ಬರೆಯುತ್ತಿದ್ದೇನೆ. ಹಿಂಟಪಾಲಿನವರು ಸಂಜೆಯೊಳಗೆ ಮುಚ್ಚುತ್ತಾರೆ, ಆದ್ದರಿಂದ ಕೇಳಬೇಕಾದ್ದನ್ನು ಕೇಳಿಬಿಡುತ್ತೇನೆ. ನಾಲ್ಕನ್ನು ನಾಲ್ಕಾಗಿಯೇ ಇಡಿ. ಷರಾ ಕಾಲಂಗೆ ಮಿತಿ ಹಾಕಬೇಡಿ. ನಿಮ್ಮ ಸರ್ ದೊಡ್ಡವರು, ಎಣಿಕೆಯ ವಿಷಯದಲ್ಲಿ ಅವರು ಹೇಳಿದ್ದು ಸರಿಯೂ ಹೌದು, ನಾವು ಅವರ ಮಾತನ್ನೇ ಪೂರ್ತಿ ಕೇಳಿದವರು, ನಮ್ಮ ಗತಿ ಮೇಲೆ ಬರೆದಿದ್ದೇನೆ. ನಾನೂರ ಹದಿನೇಳರ ಮನೆಗೆ ಇನ್ನೊಂದು ಸಲ ಹೋಗಿ. ಮೂರನೇ ಮರುಭೇಟಿಯ ತಾರೀಕು ನಮ್ಮಲ್ಲಿರುವ ಡೇಟಾಬೇಸ್‌ನಲ್ಲಿದೆ, ಅವತ್ತು ಅವಳು ಹೇಳಿದ ಮಾತೂ ಇದೆ, ಹಂಪವ್ವನಿಗೆ ಅದು ಬಾಯಿಪಾಠ. ಏನೆಂದು ನಾನು ಬರೆಯುವುದಿಲ್ಲ. ಬರೆದರೆ ನೀವು ಬಸ್ಸು ಹತ್ತದೆ ಕೂತಲ್ಲೇ ತುಂಬಿಬಿಟ್ಟೀರಿ. ಆ ಚಟ ಎಂಥದ್ದೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ.

ನನ್ನ ಹೊಟ್ಟೆಕಿಚ್ಚು ತಣ್ಣಗಾಯಿತೆಂದು ತಿಳಿಯಬೇಡಿ ಅಕ್ಕಾರೆ. ನಾಳೆ ಅವಳು ಬಾಯಿ ಬಿಟ್ಟರೂ ಅದರಲ್ಲಿ ಅರ್ಧ ಪಾಲು ನಿಮ್ಮದೇ, ಆ ಲೆಕ್ಕ ನನಗೆ ಸಾಯುವ ತನಕ ಚುಚ್ಚುತ್ತದೆ. ನಾಳೆಯೂ ೯೯ ಬಂದರೆ ಲಕೋಟೆಯ ಹಿಂಬದಿಯಲ್ಲಿ ಇನ್ನೂ ಜಾಗವಿದೆ, ಅದಕ್ಕೇ ಅದನ್ನು ನಿಮಗೆ ಕಳಿಸದೆ ಇಟ್ಟುಕೊಂಡಿದ್ದೇನೆ. ಈ ಕಾಗದ ನಿಮಗೆ ಲಕೋಟೆಯಿಲ್ಲದೆ, ಬರೀ ಮಡಿಚಿಕೊಂಡು ಬರುತ್ತಿದೆ.

ಇತಿ,
ಕಳಕಪ್ಪ, ತುಂಬಿಗ